ಹುಳುಮನೆಯ ಗೋಡೆಯಡಿಯ ಪೈಪು

ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ನಾನು ಹನ್ನೆರಡು ದಿನ ಕೊಳಾಯಿ ಕೆಲಸ ಮಾಡಿದೆ. ಅದರಲ್ಲಿ ಈ ಪೈಪು ಜೋಡಿಸಿದ್ದು ಒಂದೇ ಮಧ್ಯಾಹ್ನ. ಆಮೇಲೆ ಎಷ್ಟೋ ದೊಡ್ಡ ಕೆಲಸಗಳನ್ನು ಹಿಡಿದಿದ್ದೇನೆ, ಬಿಡದಿಯಲ್ಲಿ, ಕನಕಪುರದಲ್ಲಿ. ಅವು ಯಾವುವೂ ಈಗ ಸರಿಯಾಗಿ ನೆನಪಿಲ್ಲ. ಆ ಒಂದು ಮಧ್ಯಾಹ್ನ ಮಾತ್ರ ನನ್ನ ಬಲಗೈಗೆ ಅಂಟಿಕೊಂಡಂತೆ ಇದೆ.

ಆಗ ನಮ್ಮ ಕಡೆ ರೇಷ್ಮೆಯ ಕಾಲ. ಯಾವ ಊರಿಗೆ ಹೋದರೂ ಹಿತ್ತಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ, ಬೀದಿಯಲ್ಲಿ ಗೂಡು ಬೇಯುವ ವಾಸನೆ. ಖಾಲಿ ಬಿದ್ದಿದ್ದ ಕೊಟ್ಟಿಗೆ, ಉಗ್ರಾಣಗಳೆಲ್ಲ ನೂಲು ತೆಗೆಯುವ ಘಟಕಗಳಾಗುತ್ತಿದ್ದವು. ನನ್ನನ್ನು ಕರೆಸಿದವರೂ ಅಂಥದ್ದೇ ಒಬ್ಬ ಯಜಮಾನರು. ಮುಚ್ಚಿಹೋದ ಅಕ್ಕಿ ಗಿರಣಿಯೊಂದನ್ನು ಕೊಂಡು ಅದರೊಳಗೆ ಸಾಲಾಗಿ ಬೇಸಿನ್ನುಗಳನ್ನು ಕೂರಿಸಿದ್ದರು. ಬೇಸಿನ್ನೆಂದರೆ ಗೂಡನ್ನು ಬಿಸಿನೀರಿನಲ್ಲಿ ಹಾಕಿ ಎಳೆ ಬಿಡಿಸುವ ತೊಟ್ಟಿ. ನೀರು ಒಳಕ್ಕೆ ಬರುವ ವ್ಯವಸ್ಥೆ ಆಗಿತ್ತು. ಹೊರಕ್ಕೆ ಹೋಗುವುದಕ್ಕೆ ದಾರಿ ಇರಲಿಲ್ಲ. ಸತ್ತ ಹುಳುವಿನ ಜಿಡ್ಡು ತುಂಬಿದ ನೀರು ಅಂಗಳದಲ್ಲೇ ನಿಂತು, ಅಲ್ಲಿಂದ ಬೀದಿಗೆ ಹರಿದು, ಊರವರು ಜಗಳಕ್ಕೆ ಬಂದಿದ್ದರು.

"ಗಿರಣಿ ಕಾಲದ್ದು ಒಂದು ಪೈಪು ನೆಲದೊಳಗೈತಂತೆ ಮೇಸ್ತ್ರಿ. ಹಿಂದ್ಗಡೆ ಹಳ್ಳಕ್ಕೆ ಹೋಗ್ತದಂತೆ. ಅದಕ್ಕೆ ಒಂದು ಜಾಯಿಂಟ್ ಕೊಟ್ಬುಡು, ಸಾಕು," ಎಂದರು ಯಜಮಾನರು.

ಹೇಳುವುದಕ್ಕೆ ಇಷ್ಟೇ. ಎರಡು ದಿನ ಹುಡುಕಿದೆ. ಹಳ್ಳದ ದಂಡೆಯಲ್ಲಿ ಪೊದೆ ಸವರಿದಾಗ ಪೈಪಿನ ಬಾಯಿ ಸಿಕ್ಕಿತು. ಆರಂಗುಲದ್ದು, ಮೆರುಗು ಕೊಟ್ಟ ಸುಟ್ಟ ಮಣ್ಣಿನ ಪೈಪು, ಒಳ್ಳೆಯ ಕಾಲದ ಮಾಲು. ಅಲ್ಲಿಂದ ಬಿದಿರಿನ ದಬ್ಬೆಗಳನ್ನು ಒಂದಕ್ಕೊಂದು ಕಟ್ಟಿ ಒಳಕ್ಕೆ ತೂರಿಸುತ್ತಾ ಹೋದೆ. ಸಲೀಸಾಗಿ ಹೋದ ದಬ್ಬೆ ಒಂದು ಕಡೆ ನಿಂತಿತು. ಹೊರಗೆ ಎಳೆದು, ನೆಲದ ಮೇಲೆ ಮಲಗಿಸಿ ಅಳೆದೆ. ದಬ್ಬೆ ನಿಂತಿದ್ದ ಜಾಗ ನೇರವಾಗಿ ಪಕ್ಕದ ಮನೆಯ ಗೋಡೆಯ ಅಡಿಗೆ ಬಂತು.

ಪಕ್ಕದ್ದು ಒಬ್ಬ ರೈತರ ಮನೆ. ಗಿರಣಿ ಮುಚ್ಚಿದ ಮೇಲೆ ಅದರ ಹಿಂದಿನ ತುಂಡು ಜಾಗವನ್ನು ಕೊಂಡು ಅವರು ಅಲ್ಲೊಂದು ಕೋಣೆ ಕಟ್ಟಿಕೊಂಡಿದ್ದರು. ಕೆಳಗೆ ಪೈಪಿದೆ ಎಂಬುದು ಯಾರಿಗೂ ನೆನಪಿರಲಿಲ್ಲ. ಗಿರಣಿಗೂ ಆ ಕೋಣೆಗೂ ನಡುವೆ ಒಂದೇ ಗೋಡೆ, ಒಂದೂವರೆ ಅಡಿ ದಪ್ಪ, ಕೆಳಗೆ ಸೈಜುಗಲ್ಲಿನ ತಳಪಾಯ. ಗೋಡೆಯ ಈಚೆ ಬದಿಯ ಪೈಪನ್ನು ಯಜಮಾನರ ಹೊಸ ಒಲೆಯ ಅಡಿಪಾಯ ಪುಡಿ ಮಾಡಿತ್ತು. ಗಟ್ಟಿಯಾಗಿ ಉಳಿದಿದ್ದ ಪೈಪು ಶುರುವಾಗುತ್ತಿದ್ದುದು ಗೋಡೆಯ ಹೊಟ್ಟೆಯೊಳಗೆ.

ಇಂಥ ಕೆಲಸಕ್ಕೆ ಸರಿಯಾದ ದಾರಿ ಒಂದೇ. ಆಚೆ ಬದಿಯ ಕೋಣೆಯ ನೆಲವನ್ನು ಮೂರಡಿ ಅಗಲ ತೆಗೆದು, ಪೈಪನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಂಡು, ಒಡಕು ತುದಿಯನ್ನು ಕತ್ತರಿಸಿ, ಸುತ್ತಲೂ ಕೈಯಾಡಿಸಿ ಜೋಡಿಸುವುದು. ಒಂದು ದಿನದ ಕೆಲಸ. ಪಕ್ಕದ ಮನೆಗೆ ಹೋಗಿ ಕೇಳಿದೆ.

ಬಾಗಿಲಿಗೆ ಬಂದವರು ಮನೆಯ ಹಿರಿಯ ಹೆಂಗಸು. ಎತ್ತರದ ಆಳು, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಿದ್ದರು. ನನ್ನನ್ನು ಜಗುಲಿಯ ಮೇಲೇ ನಿಲ್ಲಿಸಿ ಮಾತಾಡಿಸಿದರು.

"ಅದು ಹುಳುಮನೆ ಕಣಪ್ಪ. ನಾಲ್ಕನೇ ಜ್ವರ ಎದ್ದು ಇವತ್ಗೆ ಎರಡು ದಿನ. ಈಗ ನೆಲ ಅಗೆದು ಧೂಳೆಬ್ಬಿಸಿದ್ರೆ ಹುಳ ಉಳೀತವಾ?"

ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಒಂದು ವಾರ ಹಗಲೂ ರಾತ್ರಿ ತಿಂದು, ಹಣ್ಣಾಗಿ, ಗೂಡಿಗೆ ಕೂರುತ್ತದೆ. ಬೆಳೆಯ ಪೂರ್ತಿ ಭವಿಷ್ಯ ಆ ವಾರದಲ್ಲಿರುತ್ತದೆ.

"ಎಷ್ಟು ದಿನ ಬೇಕವ್ವ?" ಎಂದೆ.

"ಎಂಟೇ ದಿನ ತಡಿ. ಹುಳನ ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆ ಮೇಲಕ್ಕೆ ಬುಟ್ಬುಡ್ತೀವಿ. ಆಮೇಲೆ ನೆಲಾನಾದ್ರೂ ಅಗಿ, ಗೋಡೇನಾದ್ರೂ ಕೆಡವು."

ಅವರ ಹಿಂದೆ ಸೊಪ್ಪಿನ ಮಂಕರಿ ಹೊತ್ತು ಸೊಸೆ ನಿಂತಿದ್ದಳು. ಮದುವೆಯಾಗಿ ಎರಡು ವರ್ಷವಾಗಿದ್ದಿರಬೇಕು. ತಿಪ್ಪಸಂದ್ರದ ಕಡೆಯ ಹುಡುಗಿ. "ಒಳಗ್ ಬರ್ಬೇಡಿ ಅಣ್ಣ, ರೋಗ ಬರ್ದಂಗೆ ಹೊಸ್ತಿಲಿಗೆ ಸುಣ್ಣ ಹಾಕಿದ್ದೀವಿ," ಎಂದು ನಗುತ್ತಲೇ ಎಚ್ಚರಿಸಿ ಒಳಕ್ಕೆ ಹೋದಳು.

ನಾನು ಯಜಮಾನರಿಗೆ ಎಂಟು ದಿನ ಕಾಯಲು ಹೇಳಿದೆ. ಅವರು ಕೆಟ್ಟವರಲ್ಲ. ಆದರೆ ಮಾರುಕಟ್ಟೆಯಿಂದ ಹಸಿ ಗೂಡು ತಂದು ಸುರಿದಿದ್ದರು. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ಆ ಗೂಡಿನಿಂದ ನೂಲು ಬರುವುದಿಲ್ಲ. ಬೇಸಿನ್ನಿಗೆ ಕೂರಬೇಕಾದ ಹೆಂಗಸರು ದಿನಾ ಬೆಳಿಗ್ಗೆ ಬಂದು ಕೇಳಿ ವಾಪಸು ಹೋಗುತ್ತಿದ್ದರು.

"ಎಂಟು ದಿನ ಅಂದ್ರೆ ನಾನು ಬಾಗ್ಲು ಹಾಕ್ಬೇಕಾಯ್ತದೆ ಮೇಸ್ತ್ರಿ. ನಮ್ಮ ಕಡೆಯಿಂದ್ಲೇ ಏನೂ ಮಾಡಕ್ಕಾಗಲ್ವಾ? ಆಗಲ್ಲ ಅಂದ್ರೆ ಹೇಳ್ಬುಡು, ಚನ್ನಪಟ್ಟಣದಿಂದ ಇನ್ನೊಬ್ಬನ್ನ ಕರೆಸ್ತೀನಿ."

ಆ ಕೊನೆಯ ಮಾತು ನನಗೆ ತಾಗಿತು. ಆಗ ನನಗೆ ಕೈ ಚಳಕದ ಹೆಮ್ಮೆ ಇತ್ತು. ಯಾರೂ ಬಿಡಿಸಲಾರದ್ದನ್ನು ನಾನು ಬಿಡಿಸುತ್ತೇನೆ ಎಂದು ಊರೂರಲ್ಲಿ ಹೆಸರು ಮಾಡಿಕೊಂಡಿದ್ದೆ. "ಆಯ್ತದೆ ಬುಡಿ ಯಜಮಾನ್ರೇ, ನಾನೇ ಮಾಡ್ತೀನಿ," ಎಂದುಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಗೋಡೆಗೆ ಒತ್ತಿಕೊಂಡು ನಾಲ್ಕಡಿ ಆಳದ ಗುಂಡಿ ತೋಡಿದೆ. ತಳಪಾಯದ ಎರಡು ಕಲ್ಲಿನ ನಡುವೆ, ಹಿಂದಿನವರು ಪೈಪಿಗೆಂದೇ ಬಿಟ್ಟಿದ್ದ ಕಂಡಿ ಇತ್ತು. ಅದರೊಳಗಿನ ಚೂರು, ಮಣ್ಣು ಎಲ್ಲವನ್ನೂ ಚಮಚದಂತೆ ಬಗ್ಗಿಸಿದ ತಗಡಿನಿಂದ ಕೆರೆದು ತೆಗೆದೆ. ಆಮೇಲೆ ಗುಂಡಿಯಲ್ಲಿ ಮಗ್ಗುಲಾಗಿ ಮಲಗಿ ಬಲಗೈಯನ್ನು ಭುಜದವರೆಗೆ ಒಳಕ್ಕೆ ತೂರಿಸಿದೆ. ಕೆನ್ನೆ ಕಲ್ಲಿಗೆ ಒತ್ತಿಕೊಂಡಿತ್ತು. ಒಳಗೆ ಏನಿದೆ ಎಂದು ಕಾಣುತ್ತಿರಲಿಲ್ಲ, ಬೆರಳು ಹೇಳಿದ್ದೇ ಸುದ್ದಿ.

ಹಳೆಯ ಪೈಪಿನ ಮೇಲಂಚು ಬೆರಳಿಗೆ ಸಿಕ್ಕಿತು. ನಯವಾಗಿತ್ತು. ಎಡಗಡೆ ಸಿಕ್ಕಿತು, ಬಲಗಡೆಯೂ ಸಿಕ್ಕಿತು. ಕೆಳಗಿನ ಅಂಚು ಮಾತ್ರ ಸಿಗಲಿಲ್ಲ. ಅಲ್ಲಿ ಪೈಪು ಇನ್ನೂ ಹಿಂದಕ್ಕೆ, ಹುಳುಮನೆಯ ಕಡೆಗೆ ಮುರಿದುಹೋಗಿತ್ತು. ಎಷ್ಟು ಹಿಂದಕ್ಕೆ ಎಂದು ತಿಳಿಯಲು ನನ್ನ ಕೈ ಇನ್ನೊಂದು ಗೇಣು ಉದ್ದ ಇರಬೇಕಿತ್ತು.

ಹೊಸದು ನಾಲ್ಕಂಗುಲದ ಪಿವಿಸಿ ಪೈಪು. ಆಗಿನ್ನೂ ನಮ್ಮ ಕಡೆ ಹೊಸ ಮಾಲು ಅದು. ನುಣುಪಿನ ಮೇಲೆ ಸಿಮೆಂಟು ಹಿಡಿಯುವುದಿಲ್ಲವೆಂದು ತುದಿಗೆ ಅಂಟು ಬಳಿದು, ಮರಳಲ್ಲಿ ಹೊರಳಿಸಿ ಒಣಗಿಸಿದೆ. ಅದನ್ನು ಹಳೆಯ ಪೈಪಿನೊಳಕ್ಕೆ ಆದಷ್ಟು ದೂರ ತೂರಿಸಿ, ಮುರಿದ ಜಾಗವನ್ನು ದಾಟಿಸಿಬಿಟ್ಟರೆ ಕೆಳಗಿನ ಅಂಚು ಸಿಗದಿದ್ದರೂ ನಡೆಯುತ್ತದೆ ಎಂಬುದು ನನ್ನ ಲೆಕ್ಕ. ತೂರಿಸಿದೆ. ಒಂದು ಮೊಳ ಹೋಗಿ ಯಾವುದೋ ಚೂರಿಗೆ ತಗುಲಿ ನಿಂತಿತು. ತಿರುಗಿಸಿದೆ, ಹಿಂದೆ ಎಳೆದು ಮತ್ತೆ ನೂಕಿದೆ, ಮರದ ತುಂಡು ಕೊಟ್ಟು ಸುತ್ತಿಗೆಯಿಂದ ತಟ್ಟಿದೆ. ಮುಂದಕ್ಕೆ ಹೋಗಲಿಲ್ಲ.

ಮುರಿದ ಜಾಗವನ್ನು ದಾಟಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು. ಗುಂಡಿಯಿಂದ ಎದ್ದು ಕೂತು ಒಂದು ಬೀಡಿ ಸೇದಿದೆ. ಎಲ್ಲವನ್ನೂ ಕಿತ್ತು, ಎಂಟು ದಿನ ಕಾಯಲೇಬೇಕು ಎಂದು ಹೇಳುವುದಕ್ಕೆ ಅದೇ ಸಮಯವಾಗಿತ್ತು. ಆಚೆ ಬದಿಯಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಗೋಡೆಯ ಮೂಲಕ ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಬೀಡಿ ಮುಗಿಯಿತು. ಮತ್ತೆ ಗುಂಡಿಗೆ ಇಳಿದು ಟಾರು ಹಚ್ಚಿದ ಸೆಣಬನ್ನು ಸಂದಿಗೆ ತುರುಕಿದೆ, ಸಿಮೆಂಟು ಕಲಸಿ ಮೇಲೆ, ಎಡಕ್ಕೆ, ಬಲಕ್ಕೆ ಬೆರಳಿಂದ ಒತ್ತಿದೆ. ಕೆಳಕ್ಕೆ ಒಂದು ಹಿಡಿ ಸಿಮೆಂಟನ್ನು ಸುಮ್ಮನೆ ಎಸೆದೆ.

ಪರೀಕ್ಷೆಗೂ ಒಂದು ಸರಿಯಾದ ಕ್ರಮ ಇದೆ. ಹಳ್ಳದ ಕಡೆಯ ಬಾಯಿಗೆ ಬಿರಡೆ ಹಾಕಿ, ಪೈಪಿನ ತುಂಬ ನೀರು ನಿಲ್ಲಿಸಿ, ಅರ್ಧ ದಿನ ಬಿಟ್ಟು ಮಟ್ಟ ಇಳಿದಿದೆಯೇ ಎಂದು ನೋಡಬೇಕು. ಮಾರನೆಯ ದಿನ ನಾನು ನಾಲ್ಕು ಕೊಡ ನೀರು ಸುರಿಸಿ ಹಳ್ಳದ ದಂಡೆಗೆ ಓಡಿದೆ. ನೀರು ಬಂತು. ನನ್ನ ಹಿಂದೆಯೇ ಬಂದಿದ್ದ ಯಜಮಾನರು ದಂಡೆಯಿಂದಲೇ ಗಿರಣಿಯ ಕಡೆಗೆ ಕೈಯೆತ್ತಿ ಕೂಗಿದರು. ನಾಲ್ಕು ಕೊಡದಲ್ಲಿ ಎಷ್ಟು ಬಂತು ಎಂದು ನಾನು ಅಳೆಯಲಿಲ್ಲ. ಗುಂಡಿ ಮುಚ್ಚಿದೆವು. ಮಧ್ಯಾಹ್ನವೇ ಬೇಸಿನ್ನುಗಳು ಹಬೆಯಾಡಿದವು.

ನಲ್ಲಿಗಳ ಕೆಲಸ ಬಾಕಿ ಇದ್ದುದರಿಂದ ನಾನು ಅಲ್ಲೇ ಇದ್ದೆ. ನೀರು ಬಿಟ್ಟ ಮೂರನೆಯ ದಿನ ಆ ಸೊಸೆ ಹಿತ್ತಿಲ ಬೇಲಿಯ ಹತ್ತಿರ ಬಂದು ಕರೆದಳು.

"ಅಣ್ಣ, ನಮ್ಮ ಹುಳುಮನೆ ಮೂಲೇಲಿ ನೆಲ ಒಸಿ ತಣ್ಣಗೈತೆ. ಚಪ್ಪಡಿ ಸಂದೀಲಿ ಕೈ ಇಟ್ರೆ ಒದ್ದೆ ಹತ್ತತೈತೆ. ಬಂದು ನೋಡ್ತೀರಾ?"

ನಾನು ಹೋಗಿ ನೋಡಲಿಲ್ಲ. "ಈ ಕಡೆ ಗುಂಡಿ ತೋಡಿ ನೀರು ಹಾಕಿದ್ವಲ್ಲ ಕಣವ್ವ, ಹಸಿ ಮಣ್ಣಿನ ತೇವ ಅದು. ಎರಡು ದಿನಕ್ಕೆ ಆರ್ತದೆ," ಎಂದೆ. ನನ್ನ ಬಾಯಿಂದ ಅದು ಎಷ್ಟು ಸರಾಗವಾಗಿ ಬಂತೆಂದರೆ ನಾನೇ ಅರ್ಧ ನಂಬಿದೆ. ಅವಳು ಪೂರ್ತಿ ನಂಬಿದಳು. "ಹಂಗಾದ್ರೆ ಸುಣ್ಣದ ಪುಡಿ ಹಾಕಿರ್ತೀನಿ," ಎಂದು ಹೋದಳು.

ಹುಳು ಹಣ್ಣಾಗಬೇಕಿದ್ದ ಹೊತ್ತಿಗೆ ಆ ಮನೆಯಲ್ಲಿ ಗದ್ದಲ ಎದ್ದಿತು. ಮೂಲೆಯ ಕಡೆಯ ತಟ್ಟೆಗಳಲ್ಲಿ ಹುಳುಗಳು ಮೇವು ಬಿಟ್ಟು ಸೆಟೆದುಕೊಂಡಿದ್ದವು. ಮಾರನೆಯ ದಿನಕ್ಕೆ ಅವುಗಳ ಮೈಮೇಲೆ ಬಿಳಿ ಪುಡಿ. ಸುಣ್ಣಕಟ್ಟು ರೋಗ. ತೇವ, ತಂಪು ಇದ್ದರೆ ಬೆಂಕಿಯಂತೆ ಹಬ್ಬುವ ರೋಗ ಅದು ಎಂದು ಹುಳು ಸಾಕುವವರಿಗೆಲ್ಲ ಗೊತ್ತು. ಒಂದು ಮೂಲೆಯಿಂದ ಶುರುವಾಗಿ ಎರಡೇ ದಿನದಲ್ಲಿ ಇಡೀ ಕೋಣೆಗೆ ಹರಡಿತು. ಬಿಳಿ ಕಡ್ಡಿಗಳಂತಾದ ಹುಳುಗಳನ್ನು ಮಂಕರಿಗಟ್ಟಲೆ ಹೊತ್ತು ಗುಂಡಿಗೆ ಸುರಿದು ಸುಟ್ಟರು. ಆ ಹಿರಿಯ ಹೆಂಗಸೇ ಹೊರುತ್ತಿದ್ದರು. ಅವರ ಮಗ, ಆ ಸೊಸೆಯ ಗಂಡ, ಸೀಮೆಎಣ್ಣೆ ಡಬ್ಬಿ ಹಿಡಿದು ನಿಂತಿದ್ದ.

ಊರಿನ ಹೆಂಗಸರು ಸುತ್ತ ಸೇರಿದರು. ಮೊದಲು ಯಾರು ಹೇಳಿದರೋ ಗೊತ್ತಿಲ್ಲ, ಆದರೆ ಮಾತು ಬಂತು. ಸೊಸೆ ಮುಟ್ಟಾಗಿದ್ದಾಗ ಹುಳುಮನೆಗೆ ಹೋಗಿದ್ದಾಳೆ, ಅದಕ್ಕೇ ಹೀಗಾಯಿತು ಎಂದು. ಆಗೆಲ್ಲ ಬೆಳೆ ಕೆಟ್ಟರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು.

"ನಾನು ಹೋಗಿಲ್ಲ. ಆ ಮೂರು ದಿನ ಹಿತ್ತಿಲ ಜಗುಲೀಲೇ ಇದ್ದೆ," ಎಂದಳು ಹುಡುಗಿ. ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತನ್ನು ಎರಡು ಸಲ ಹೇಳಿದಳು. ಗಂಡ ನೆಲ ನೋಡುತ್ತಿದ್ದ.

ಅತ್ತೆ ತಕ್ಷಣ ಊರವರ ಮಾತಿಗೆ ತಲೆಯಾಡಿಸಲಿಲ್ಲ. ಇದನ್ನು ನಾನು ಹೇಳಲೇಬೇಕು. ಕೈಯಲ್ಲಿದ್ದ ಮಂಕರಿಯನ್ನು ಕೆಳಗಿಟ್ಟು, ಬೇಲಿಯ ಈಚೆ ನಿಂತಿದ್ದ ನನ್ನ ಹತ್ತಿರ ಬಂದರು.

"ಮೇಸ್ತ್ರಪ್ಪ, ಮೂಲೆ ಒದ್ದೆ ಐತೆ ಅಂತ ಇವಳು ನನಗೂ ಹೇಳಿದ್ಲು. ನಿನ್ನ ಪೈಪಿಂದ ಏನಾರ ನೀರು ಬತ್ತಾ ಐತಾ? ನಿಜ ಹೇಳು, ನಾನೇನೂ ಜಗಳಕ್ಕೆ ಬರಲ್ಲ."

ಯಜಮಾನರು ನನ್ನ ಪಕ್ಕದಲ್ಲಿದ್ದರು. ಬೇಸಿನ್ನಿನ ಹೆಂಗಸರು ಬಾಗಿಲಲ್ಲಿ ಗುಂಪಾಗಿದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಇಲ್ಲವ್ವ. ನನ್ನ ಜಾಯಿಂಟು ಗಟ್ಟಿಯಾಗೈತೆ," ಎಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹಿಂದಿರುಗಿದರು. ಮಾರನೆಯ ದಿನ ಬೆಳಗಿನ ಬಸ್ಸಿಗೆ ಮಗ ಹೆಂಡತಿಯನ್ನು ತವರಿಗೆ ಬಿಟ್ಟುಬರಲು ಹೊರಟ. ಅವಳ ಕೈಯಲ್ಲಿ ಒಂದೇ ಒಂದು ಬಟ್ಟೆಯ ಚೀಲ ಇತ್ತು. ನಾನು ನಲ್ಲಿಗೆ ದಾರ ಸುತ್ತುತ್ತಾ ಕೂತಿದ್ದೆ. ತಲೆ ಎತ್ತಲಿಲ್ಲ.

ನನ್ನ ಕೆಲಸ ಮುಗಿದು ನಾನು ರಾಮನಗರಕ್ಕೆ ಬಂದೆ. ಮೂರು ವಾರ ಕಳೆದ ಮೇಲೆ ಆ ಮನೆಯ ಮಗನೇ ಸೈಕಲ್ ಹತ್ತಿ ನನ್ನನ್ನು ಹುಡುಕಿಕೊಂಡು ಬಂದ. ಹುಳುಮನೆಯಲ್ಲಿ ನಾತ ತಡೆಯಲಾಗುತ್ತಿಲ್ಲ, ಕೋಣೆ ಹೇಗೂ ಖಾಲಿ ಇದೆ, ಬಂದು ನೆಲ ತೆಗೆದು ನೋಡು ಎಂದ.

ಹೋದೆ. ಮೂಲೆಯ ಎರಡು ಚಪ್ಪಡಿಗಳನ್ನು ಹಾರೆಯಿಂದ ಎಬ್ಬಿಸಿದೆ. ಕೆಳಗೆ ಮಣ್ಣೇ ಇರಲಿಲ್ಲ, ಕಪ್ಪು ಕೆಸರು. ಅದನ್ನು ಬಾಚಿ ಪೈಪನ್ನು ಬಿಡಿಸಿದಾಗ ನಾನು ಬೆರಳಿಂದ ಮುಟ್ಟಿದ್ದೆಲ್ಲ ಮೊದಲ ಸಲ ಕಣ್ಣಿಗೆ ಕಂಡಿತು. ಸಿಮೆಂಟಿನ ಮೇಲೆ ನನ್ನ ಮೂರು ಬೆರಳಿನ ಗುರುತು ಹಾಗೇ ಇತ್ತು. ಕೆಳಗಡೆ ಹಳೆಯ ಪೈಪು ಅಂಗೈ ಅಗಲ ಒಡೆದು ಬಾಯಿ ಬಿಟ್ಟಿತ್ತು. ನನ್ನ ಹೊಸ ಪೈಪಿನ ತುದಿ ಆ ಒಡಕನ್ನು ದಾಟದೆ, ಎರಡಂಗುಲ ಗಿರಣಿಯ ಕಡೆಗೇ ನಿಂತಿತ್ತು. ಮೊದಲ ದಿನದಿಂದಲೂ ಅರ್ಧ ನೀರು ಅಲ್ಲೇ ಇಳಿದಿತ್ತು.

"ಏನಾಗಿತ್ತಣ್ಣ?" ಎಂದು ಬಾಗಿಲಿಂದ ಮಗ ಕೇಳಿದ.

"ಒಸಿ ಬಿರುಕು ಬುಟ್ಟಿತ್ತು," ಎಂದೆ.

ಒಡಕು ಭಾಗವನ್ನು ಚಾಣದಿಂದ ಕತ್ತರಿಸಿ, ಸುತ್ತಲೂ ಸೆಣಬು, ಸಿಮೆಂಟು ಕೊಟ್ಟು, ಕೆಳಗೆ ಕಾಂಕ್ರೀಟಿನ ಹಾಸು ಹಾಕಿ ಜೋಡಿಸಿದೆ. ಹಳ್ಳದ ಬಾಯಿಗೆ ಬಿರಡೆ ಹಾಕಿ ಇಡೀ ದಿನ ನೀರು ನಿಲ್ಲಿಸಿದೆ. ಒಂದು ನೂಲಿನಷ್ಟೂ ಇಳಿಯಲಿಲ್ಲ. ನನ್ನ ಕೈಯಿಂದ ಆದ ಅತ್ಯಂತ ಒಳ್ಳೆಯ ಜೋಡಣೆಗಳಲ್ಲಿ ಅದೂ ಒಂದು. ಅದನ್ನು ನೋಡುತ್ತಾ ಕೂತಾಗ ನನಗೆ ಅನ್ನ ಸೇರಲಿಲ್ಲ.

ಆ ವಾರವೇ ಕುದೂರಿನ ಬಸ್ಸು ಹಿಡಿದೆ. ಅಲ್ಲಿಂದ ತಿಪ್ಪಸಂದ್ರದ ಕಡೆಗೆ ಇನ್ನೊಂದು. ವಿಚಾರಿಸಿಕೊಂಡು ಆ ಹುಡುಗಿಯ ತವರಿನ ಮನೆಗೆ ಹೋದೆ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರವನ್ನು ಕೆಳಗಿಟ್ಟು ಎದ್ದು ನಿಂತಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಸಿಗದ ಅಂಚು, ನಾಲ್ಕು ಕೊಡ ನೀರು, ಅವಳು ಬೇಲಿಯ ಹತ್ತಿರ ಕೇಳಿದಾಗ ನಾನು ಹೇಳಿದ್ದು ಸುಳ್ಳು, ಅತ್ತೆಗೆ ಹೇಳಿದ್ದು ಅದಕ್ಕಿಂತ ದೊಡ್ಡ ಸುಳ್ಳು. "ತಪ್ಪಾಯ್ತು ಕಣವ್ವ," ಎಂದೆ.

ಅವಳು ಸೆರಗಿನಿಂದ ಕೈಯ ಹೊಟ್ಟು ಒರೆಸಿಕೊಂಡಳು.

"ಇದನ್ನ ನನಗ್ಯಾಕೆ ಹೇಳಕ್ ಬಂದ್ರಿ ಅಣ್ಣ? ನಾನು ಒಳಕ್ಕೆ ಹೋಗಿರ್ಲಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ಗೊತ್ತಿಲ್ದೆ ಇರೋರು ಆ ಊರಲ್ಲಿ ಅವ್ರೆ," ಎಂದು ಕೂತು ಮತ್ತೆ ಮೊರ ತೆಗೆದುಕೊಂಡಳು.

ಬಸ್ಸಿನಲ್ಲಿ ವಾಪಸು ಬರುವಾಗ ತಲೆಯಲ್ಲಿ ಪೂರ್ತಿ ಅದೇ ಮಾತು. ಅಲ್ಲಿಯವರೆಗೆ ಬಂದದ್ದು ಅವಳಿಗೋಸ್ಕರ ಎಂದುಕೊಂಡಿದ್ದೆ. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಯಾರೂ ಕೇಳಿಸಿಕೊಳ್ಳದ ಅಂಗಳವನ್ನು ಆರಿಸಿಕೊಂಡಿದ್ದೆ, ಅಷ್ಟೆ.

ಮಾರನೆಯ ಬೆಳಿಗ್ಗೆ ಆ ಹಳ್ಳಿಗೆ ಹೋದೆ. ಯಜಮಾನರನ್ನೂ ಕರೆದುಕೊಂಡು, ಅಕ್ಕಪಕ್ಕದ ಹೆಂಗಸರು ನೀರಿಗೆ ಬರುವ ಹೊತ್ತು ನೋಡಿ, ಆ ಮನೆಯ ಜಗುಲಿಯ ಮುಂದೆ ನಿಂತೆ. ಅತ್ತೆ ಹೊರಗೆ ಬಂದರು. ಎಲ್ಲರೂ ಕೇಳುವಂತೆ ಹೇಳಿದೆ. "ಹುಳ ಸತ್ತಿದ್ದು ನಿಮ್ಮ ಸೊಸೆಯಿಂದ ಅಲ್ಲವ್ವ. ನನ್ನ ಪೈಪಿನ ನೀರಿಂದ. ಅವತ್ತೇ ನನಗೆ ಅನುಮಾನ ಇತ್ತು, ಹೆದರಿ ಮುಚ್ಚಿಟ್ಟೆ."

ಯಜಮಾನರು ಬೆಪ್ಪಾಗಿ ನನ್ನನ್ನೇ ನೋಡಿದರು. ನೀರಿನ ಕೊಡದವರು ಯಾರೂ ಕದಲಲಿಲ್ಲ. ಬೈಯುತ್ತಾರೆ, ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ನಾನು ಸಿದ್ಧನಾಗಿದ್ದೆ. ಆ ಹೆಂಗಸು ಜಗುಲಿಯ ಕಂಬ ಹಿಡಿದುಕೊಂಡು ಮೆಲ್ಲಗೆ ಕೂತರು.

"ನಾನು ಕೇಳಿದ್ನಲ್ಲಪ್ಪ ಅವತ್ತು ನಿನ್ನ. ನೀನು ಇಲ್ಲ ಅಂದ ಮ್ಯಾಲಲ್ವಾ ನಾನು ಅವಳ ಕಡೆ ತಿರುಗಿದ್ದು," ಎಂದರು. ಆಮೇಲೆ ಒಳಗೆ ತಿರುಗಿ ಮಗನನ್ನು ಕೂಗಿ, "ಏಳ್ಲಾ, ಬಸ್ಸೆಷ್ಟೊತ್ತಿಗೈತೆ ನೋಡು, ನಾನೂ ಬತ್ತೀನಿ," ಎಂದರು.

ಅತ್ತೆಯೇ ಹೋಗಿ ಕರೆದರೂ ಆ ಹುಡುಗಿ ಕೂಡಲೇ ಬರಲಿಲ್ಲ. ಇನ್ನೊಂದು ಬೆಳೆ ಪೂರ್ತಿ ಕಳೆದ ಮೇಲೆ ಬಂದಳಂತೆ. ಯಜಮಾನರು ನನ್ನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ, ಅದು ಸರಿಯೇ.

ಮುಂದಿನ ವರ್ಷ ಇನ್ನೊಂದು ಊರಿಗೆ ಹೋಗುತ್ತಾ ಆ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದೆ. ಹುಳುಮನೆಯಲ್ಲಿ ಮತ್ತೆ ಬೆಳೆ ಇತ್ತು. ಸೊಸೆ ತೋಟದಿಂದ ಸೊಪ್ಪಿನ ಮಂಕರಿ ಹೊತ್ತು ಬಂದಳು. ನನ್ನನ್ನು ಗುರುತಿಸಿದಳು, ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ಬಾಗಿಲವರೆಗೆ ಹೋಗಿ, ಹೊಸ್ತಿಲ ಹೊರಗೆ ಮಂಕರಿ ಇಳಿಸಿ ನಿಂತಳು. ಒಳಗಿನಿಂದ ಅತ್ತೆ, "ಬಾರವ್ವ ಒಳಕ್ಕೆ," ಎಂದದ್ದು ರಸ್ತೆಗೂ ಕೇಳಿಸಿತು. ಅವಳು ಒಳಕ್ಕೆ ಹೋಗಲಿಲ್ಲ. ಮತ್ತೊಂದು ಹೊರೆ ತರಲು ತೋಟದ ಕಡೆಗೆ ನಡೆದಳು.